ವಸ್ತಾದರ ಬಿಲ್ಲೆ

ಧಾರವಾಡದಲ್ಲಿ ಆ ಕಾಲಕ್ಕೆ ಅರವತ್ತು ದಾಟಿದ ಇಬ್ಬರು ಗಂಡಸರು ಚಹಾದಂಗಡಿಯಲ್ಲಿ ಎದುರಾದರೆ ಕ್ಷೇಮ ಸಮಾಚಾರ ಕೇಳುವ ರೀತಿಯೇ ಬದಲಾಗಿತ್ತು. "ಆರಾಮ ಅದೀರೇನ್ರಿ?" ಎಂದು ಯಾರೂ ಕೇಳುತ್ತಿರಲಿಲ್ಲ. "ನಿಮ್ಮ ಬಿಲ್ಲೆ ಹೆಂಗೈತ್ರಿ?" ಎನ್ನುತ್ತಿದ್ದರು. "ಮಲಗೇತ್ರಿ" ಎಂಬ ಉತ್ತರ ಬಂದರೆ ಇನ್ನೊಂದು ತಟ್ಟೆ ಮಿರ್ಚಿ ಭಜಿ ಬರುತ್ತಿತ್ತು. "ಎದ್ದೇತ್ರಿ" ಎಂದರೆ ಕೇಳಿದವನು ಕಪ್ಪಿನ ತಳ ನೋಡುತ್ತ ಕೂರುತ್ತಿದ್ದ.

ಬಿಲ್ಲೆ ಎಂದರೆ ಅಂಗೈಯಗಲದ ಗಾಜಿನ ಡಬ್ಬಿ. ಬೆಳಗಾವಿ ರಸ್ತೆಯಲ್ಲಿ ಜೈನ ಟ್ರಸ್ಟೊಂದು ಕಟ್ಟಿಸಿದ ಕ್ಯಾನ್ಸರ್ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಮನುಷ್ಯನ ಮೈಯಷ್ಟೇ ಬೆಚ್ಚಗಿರುವ ಉಕ್ಕಿನ ಕಪಾಟುಗಳಲ್ಲಿ ಅವು ಸಾಲಾಗಿ ಇರುತ್ತಿದ್ದವು. ಒಂದೊಂದರಲ್ಲೂ ಒಬ್ಬೊಬ್ಬ ರೋಗಿಯ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು, ಅವನದೇ ಎಲುಬಿನ ಮಜ್ಜೆಯ ಮೇಲೆ, ಅವನ ಮೈಯೊಳಗೆ ಬೆಳೆಯುವ ಹಾಗೆಯೇ ಬೆಳೆಯುತ್ತಿತ್ತು. ಯಾವ ಔಷಧವಾದರೂ ಮೊದಲು ಬಿಲ್ಲೆಗೆ, ಆಮೇಲೆ ಮನುಷ್ಯನಿಗೆ. ಸಂಕಟ ಬಿಲ್ಲೆಗೆ, ಗುಣ ನಮಗೆ. ಇದಕ್ಕಿಂತ ಒಳ್ಳೆಯ ವ್ಯವಹಾರ ಯಾರಿಗೆ ಬೇಡ? ಜನ ಬೇಗ ಒಗ್ಗಿಕೊಂಡರು. ಭಾನುವಾರ ಹೆಂಡತಿ ಮಕ್ಕಳು ಬುತ್ತಿ ಕಟ್ಟಿಕೊಂಡು ಬಂದು ಪರದೆಯ ಮೇಲೆ ತಮ್ಮ ತಮ್ಮ ಬಿಲ್ಲೆ ನೋಡಿ ಹೋಗುತ್ತಿದ್ದರು. ಗಾಜಿಗೆ ಒಂದು ಬೊಟ್ಟು ಕುಂಕುಮ ಹಚ್ಚಲು ಬಿಡಿ ಎಂದು ಜಗಳ ತೆಗೆದವರೂ ಇದ್ದರು. ಡಾಕ್ಟರುಗಳೂ ಬರಬರುತ್ತ ಹಾಗೆಯೇ ಆದರು. ರೋಗಿ ಎದುರು ಕೂತು ಹೇಳಿಕೊಳ್ಳುತ್ತಿದ್ದರೆ ಇವರ ಕಣ್ಣು ಪರದೆಯ ಮೇಲೆ.

ಈ ಬಿಲ್ಲೆಗಳ ಒಡತಿ ಡಾ. ತ್ರಿಶಲಾ. ಕ್ಯಾನ್ಸರಿನಲ್ಲಿ ಲಕ್ಷಾಂತರ ಕೋಶಗಳಿದ್ದರೂ ಅವುಗಳನ್ನೆಲ್ಲ ಹೆರುವ ಮೂಲ ಕೋಶಗಳು ಬೆರಳೆಣಿಕೆಯಷ್ಟು. ಅವಕ್ಕೆ ಕಾಂಡಕೋಶಗಳು ಎಂದು ಹೆಸರು. ಹೊಲದಲ್ಲಿ ಕರಿಕೆ ಕಿತ್ತವರಿಗೆ ಇದು ಗೊತ್ತು: ಮೇಲಿನ ಹುಲ್ಲು ಎಷ್ಟು ಸವರಿದರೂ ಬೇರು ಉಳಿದರೆ ಮತ್ತೆ ಚಿಗುರುತ್ತದೆ. ಅದುವರೆಗಿನ ಚಿಕಿತ್ಸೆ ಹುಲ್ಲು ಸವರುವ ಚಿಕಿತ್ಸೆ. ಹುಟ್ಟಿದ ಕ್ಯಾನ್ಸರ್ ಕೋಶಗಳು ಗಂಡು ಹಾರ್ಮೋನನ್ನು ತಿಂದು ಕೊಬ್ಬುತ್ತವೆ. ಹೊಟ್ಟೆಯ ಚರ್ಮಕ್ಕೆ ಸೂಜಿ ಚುಚ್ಚಿ ಆ ಹಾರ್ಮೋನನ್ನೇ ಮೈಯಿಂದ ಬತ್ತಿಸಿದರೆ ಅವು ಉಪವಾಸ ಬಿದ್ದು ಸಾಯುತ್ತವೆ. ಕಾಂಡಕೋಶಕ್ಕೆ ಆ ಆಹಾರ ಬೇಕಿಲ್ಲ. ಅದು ಎಲುಬಿನ ಸಂದಿಯಲ್ಲಿ ಕಾಯುತ್ತ ಕೂತಿರುತ್ತದೆ. ಅಷ್ಟರಲ್ಲಿ ಮನುಷ್ಯ ಮಾತ್ರ ಸೋತಿರುತ್ತಾನೆ.

ಹಾಗೆ ಸೋತವರಲ್ಲಿ ತ್ರಿಶಲಾಳ ಸೋದರಮಾವ ಭರಮಪ್ಪನೂ ಒಬ್ಬ. ಊರಿಗೆಲ್ಲ ಭರಮಪ್ಪ ವಸ್ತಾದರು. ಹಳೆಯ ಪೇಟೆಯ ಗರಡಿಮನೆಯಲ್ಲಿ ಮೂರು ತಲೆಮಾರಿಗೆ ಕುಸ್ತಿ ಕಲಿಸಿದ ಮನುಷ್ಯ. ತಾಯಿ ಸತ್ತ ತ್ರಿಶಲಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ಸಾಕಿ, ಓದಿಸಿ, ಡಾಕ್ಟರ್ ಮಾಡಿದವನೂ ಅವನೇ. ಸೂಜಿ ಶುರುವಾದ ಮೇಲೆ ಅವನ ತೋಳು ಜೋತುಬಿದ್ದವು, ಎದೆ ಹೆಂಗಸರ ಹಾಗೆ ಉಬ್ಬಿತು, ಕೂತಲ್ಲೇ ಮೈ ಬೆಂದು ಬೆವರಿಳಿಯುತ್ತಿತ್ತು. ಗರಡಿಯಲ್ಲಿ ಅಂಗಿ ತೆಗೆಯುವುದನ್ನು ಬಿಟ್ಟ. ಆಮೇಲೆ ಗರಡಿಗೆ ಹೋಗುವುದನ್ನೇ ಬಿಟ್ಟ. "ಸಾಯೂದಕ್ಕ ನಾ ಅಂಜಂಗಿಲ್ಲ ತ್ರಿಶಲಾ," ಎಂದಿದ್ದ ಒಮ್ಮೆ. "ಆದ್ರ ಹಿಂಗ ಸ್ವಲ್ಪ ಸ್ವಲ್ಪ ಅಳಿಸಿ ಹಾಕಬ್ಯಾಡ್ರಿ ನನ್ನ."

ಆ ಮಾತು ಅವಳ ಎದೆಯಲ್ಲಿ ನಾಟಿತ್ತು. ಅದಕ್ಕೇ ಎನ್-ನಲವತ್ತು ಎಂಬ ಔಷಧ ಬಿಲ್ಲೆಗಳಲ್ಲಿ ಕೆಲಸ ಮಾಡಿದಾಗ ಅವಳು ಅತ್ತುಬಿಟ್ಟಿದ್ದಳು. ಹೊಸ ಕೋಶ ಹುಟ್ಟಿ ಬಲಿತರೆ ಪರದೆಯ ಮೇಲೆ ಹಸಿರು ಚುಕ್ಕೆ ಹೊಳೆಯುವ ಏರ್ಪಾಡಿತ್ತು. ಹೋದ ವರ್ಷ ಔಷಧವಿಲ್ಲದೆ ಬೆಳೆಸಿದ್ದ ಬಿಲ್ಲೆಗಳ ಚಿತ್ರದಲ್ಲಿ ಹಸಿರೋ ಹಸಿರು. ಎನ್-ನಲವತ್ತು ಹಾಕಿದವು ಅಮಾವಾಸ್ಯೆಯ ಆಕಾಶದ ಹಾಗೆ ಕಪ್ಪು. ಬೇರು ಹೆರುವುದನ್ನೇ ನಿಲ್ಲಿಸಿ ಮಲಗಿದೆ ಎಂದಳು ತ್ರಿಶಲಾ. ಪ್ರಯೋಗಾಲಯದ ಹುಡುಗಿಯರು ಅದಕ್ಕೆ ಜೋಗುಳ ಎಂದು ಹೆಸರಿಟ್ಟರು. ಬೇರೇ ಮಲಗಿದ ಮೇಲೆ ಹುಲ್ಲನ್ನು ಉಪವಾಸ ಕೆಡವುವ ಸೂಜಿ ಯಾಕೆ? ಒಪ್ಪಿದ ರೋಗಿಗಳಿಗೆ ಸೂಜಿ ಬಿಡಿಸಿ ಜೋಗುಳದ ಗುಳಿಗೆ ಕೊಟ್ಟರು. ಮೊದಲು ಸಹಿ ಹಾಕಿದವನು ಭರಮಪ್ಪ.

ಮತ್ತು ಅವನು ಎದ್ದು ನಿಂತ! ಆರು ತಿಂಗಳಲ್ಲಿ ಮೈ ತುಂಬಿ, ದನಿ ಗಡುಸಾಗಿ, ಬೆಳಿಗ್ಗೆ ಗರಡಿಯ ಕೆಮ್ಮಣ್ಣನ್ನು ತಾನೇ ಗುದ್ದಲಿ ಹಿಡಿದು ತಿರುವಲು ಶುರುಮಾಡಿದ. ರಕ್ತಪರೀಕ್ಷೆಯ ಅಂಕಿ ಒಂಚೂರು ಏರಿತ್ತು. ಹಾರ್ಮೋನು ಮರಳಿದರೆ ಏರುವುದೇ ಸಹಜ, ಬಿಲ್ಲೆ ಮಲಗಿದೆಯಲ್ಲ ಎಂದು ಎಲ್ಲರೂ ಸಮಾಧಾನಪಟ್ಟರು. ಸೊಂಟ ನೋಯುತ್ತದೆ ಎಂದು ಮಾವ ಆಗಾಗ ಹೇಳುತ್ತಿದ್ದ. ಈ ವಯಸ್ಸಿನಲ್ಲಿ ಹುಡುಗರ ಜೊತೆ ಕುಸ್ತಿಗೆ ಬಿದ್ದರೆ ನೋಯದೆ ಇನ್ನೇನು ಎಂದು ಅತ್ತೆ ಅಂಬಕ್ಕ ಬಯ್ಯುತ್ತ ಎಳ್ಳೆಣ್ಣೆ ತಿಕ್ಕುತ್ತಿದ್ದಳು. "ಬಿಲ್ಲೆ ಮಲಗೇತಿ ಮಾವಾ, ಚಿಂತಿ ಬ್ಯಾಡ," ಎನ್ನುತ್ತಿದ್ದಳು ತ್ರಿಶಲಾ, ಚಹಾ ಕುಡಿಯುತ್ತ.

ಈಗ ಒಂದು ಮುಖ್ಯ ಮಾತು ಹೇಳಬೇಕು. ಬಿಲ್ಲೆಯ ಕೋಶಗಳು ಬದುಕಲು ರಕ್ತದ ತಿಳಿ ಬೇಕು, ಸೀರಂ ಎನ್ನುತ್ತಾರಲ್ಲ ಅದು. ಲೋಕದ ಬಹಳಷ್ಟು ಪ್ರಯೋಗಾಲಯಗಳು ಕಸಾಯಿಖಾನೆಯಲ್ಲಿ ಗಬ್ಬದ ಹಸುವಿನ ಹೊಟ್ಟೆಯಿಂದ ತೆಗೆದ ಕರುವಿನ ರಕ್ತ ಬಳಸುತ್ತವೆ. ಇರುವೆ ತುಳಿದರೂ ಪ್ರಾಯಶ್ಚಿತ್ತ ಎನ್ನುವ ಟ್ರಸ್ಟಿನಲ್ಲಿ ಅದು ಸಾಧ್ಯವೇ? ಮೊದಮೊದಲು ಊರಿನ ರಕ್ತನಿಧಿಯಿಂದ ಮನುಷ್ಯರ ರಕ್ತ ತರಿಸಿದರು. ಅಲ್ಲಿ ರಕ್ತ ಕೊಡುವವರೆಲ್ಲ ಹೆಚ್ಚುಕಡಿಮೆ ಗಂಡಸರೇ. ಆಮೇಲೆ ಟ್ರಸ್ಟಿನ ಅಧ್ಯಕ್ಷ ಧರಣೇಂದ್ರ ಬೋಗಾರ ಸಾಹುಕಾರರಿಗೆ ಅದೂ ಸರಿಬರಲಿಲ್ಲ. "ಕುಡಿಯೋರ್ದು, ಕಡ್ಯೋರ್ದು, ಯಾರ್ದೋ ರಕ್ತ ನಮ್ಮ ಕಟ್ಟಡದಾಗ ಯಾಕ್ರಿ? ನಮ್ಮ ನರ್ಸಿಂಗ್ ಹಾಸ್ಟೆಲ್ ಹುಡುಗ್ಯಾರು ಅದಾರಲ್ಲ. ಶುದ್ಧ ಸಸ್ಯಾಹಾರ, ಶುದ್ಧ ರಕ್ತ," ಎಂದರು. ತ್ರಿಶಲಾ ಒಳಗೊಳಗೆ ನಕ್ಕಳು, ಆದರೆ ಒಪ್ಪಿದಳು. ಹುಡುಗಿಯರು ಆರೋಗ್ಯವಂತರು, ಕೈಗೆ ಹತ್ತಿರದವರು. ನಿಜ ಹೇಳಬೇಕೆಂದರೆ, ಬೆಳ್ಳಗಿನ ಸೀರೆಯ ಆ ಹುಡುಗಿಯರು ನಗುತ್ತ ಕೈಚಾಚಿ ರಕ್ತ ಕೊಡುವುದನ್ನು ನೋಡಿ ಅವಳಿಗೂ ತನ್ನ ವಿಜ್ಞಾನ ಮಡಿಯುಟ್ಟ ಹಾಗೆ ಅನಿಸಿತ್ತು. ಜೋಗುಳದ ಪ್ರಯೋಗ ನಡೆದದ್ದು ಆ ರಕ್ತದಲ್ಲಿ. ಹೋಲಿಕೆಗೆಂದು ಔಷಧವಿಲ್ಲದ ಬಿಲ್ಲೆಗಳನ್ನು ಮತ್ತೆ ಬೆಳೆಸಬೇಕಿತ್ತು. ಹೋದ ವರ್ಷ ರಕ್ತನಿಧಿಯ ರಕ್ತದಲ್ಲಿ ಬೆಳೆಸಿದವೇ ಇವೆ, ಸುಮ್ಮನೆ ಯಾಕೆ ಹುಡುಗಿಯರ ರಕ್ತ ದಂಡ ಮಾಡುವುದು ಎಂದು ಬಿಟ್ಟುಬಿಟ್ಟರು.

ಆ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಹಾಸ್ಟೆಲಿನ ಹುಡುಗಿಯರು ಹತ್ತು ದಿನದ ವ್ರತ ಹಿಡಿದರು. ಉಪವಾಸದವರ ಮೈಯಿಂದ ರಕ್ತ ತೆಗೆಯುವುದು ಪಾಪ ಎಂದು ಸಾಹುಕಾರರು ತಡೆದರು. ಕಪಾಟಿನ ಬಾಟಲಿಗಳು ಬರಿದಾಗುತ್ತ ಬಂದವು. ಊಟದ ಹೊತ್ತಿಗೆ ತ್ರಿಶಲಾ ಈ ಪೇಚನ್ನು ಹೇಳಿಕೊಂಡಾಗ ಭರಮಪ್ಪ ತೊಡೆ ತಟ್ಟಿ ನಕ್ಕ.

"ಇಷ್ಟಕ್ಕ ಅಳತೀಯೇನ? ನನ್ನ ಹುಡುಗೂರನ್ನ ಕಳಸ್ತೀನಿ ತಗೋ. ಹಾಲು, ತುಪ್ಪ, ಬದಾಮು ಬಿಟ್ಟು ಏನೂ ಮುಟ್ಟಂಗಿಲ್ಲ ಅವರು. ಸಾಹುಕಾರ್ರಿಗೆ ಹೇಳು, ಇದಕ್ಕಿಂತ ಶುದ್ಧ ರಕ್ತ ಬೇಕಂದ್ರ ಬಸದಿ ಮೂರ್ತಿನ್ನ ಕೇಳಬೇಕು ಅಂತ."

ಮರುದಿನ ಪೈಲ್ವಾನರ ದಂಡೇ ಬಂತು. ರಕ್ತ ತೆಗೆಯುವ ನರ್ಸು ಒಬ್ಬೊಬ್ಬನ ರಟ್ಟೆ ಕಂಡು, ಕಟ್ಟುವ ಪಟ್ಟಿ ಸಾಲದೆಂದು ನಕ್ಕಳು. ಸಾಹುಕಾರರೂ ಮೆಚ್ಚಿದರು. ಸಂಜೆಯ ಹೊತ್ತಿಗೆ ಬಿಲ್ಲೆಗಳಿಗೆಲ್ಲ ಹೊಸ ಸೀರಂ ಬಿತ್ತು.

ನಾಲ್ಕಾರು ದಿನ ಕಳೆದ ಮೇಲೆ ಒಂದು ಮುಂಜಾನೆ ಪರದೆ ಹಚ್ಚಿದ ತ್ರಿಶಲಾ, ಯಂತ್ರ ಕೆಟ್ಟಿದೆ ಎಂದುಕೊಂಡಳು. ಭರಮಪ್ಪನ ಬಿಲ್ಲೆಯ ತುಂಬ ಹಸಿರು. ಪಕ್ಕದ್ದೂ ಹಸಿರು. ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲವೂ ಮಳೆ ಬಿದ್ದ ಮಾರನೆಯ ವಾರದ ಹೊಲದ ಹಾಗೆ ಹಸಿರಾಗಿದ್ದವು. ಸೋಂಕು ತಗಲಿದೆಯೇ ನೋಡಿದಳು, ಇಲ್ಲ. ಔಷಧ ಹಳಸಿದೆಯೇ ನೋಡಿದಳು, ಇಲ್ಲ. ಮತ್ತೆ ಬದಲಾದದ್ದೇನು? ರಕ್ತ. ರಕ್ತವೊಂದೇ. ಕುರ್ಚಿ ಎಳೆದು ಕೂತು ಉಳಿದದ್ದನ್ನು ಯೋಚಿಸಿದಳು.

ಹುಡುಗಿಯರ ರಕ್ತದಲ್ಲಿ ಗಂಡು ಹಾರ್ಮೋನು ಎಲ್ಲಿಂದ ಬರಬೇಕು? ಇದ್ದರೂ ಉಪ್ಪಿನಕಾಯಿಯಷ್ಟು. ಬಿಲ್ಲೆಯೊಳಗೆ ಬೇರು ಎಂದೂ ಮಲಗಿರಲಿಲ್ಲ. ಅದು ಹೆರುತ್ತಲೇ ಇತ್ತು; ಹೆತ್ತವು ಆಹಾರವಿಲ್ಲದೆ, ಹಸಿರು ಮೂಡುವ ಮೊದಲೇ ಸಾಯುತ್ತಿದ್ದವು. ಅವಳು ಅದನ್ನು ನಿದ್ದೆ ಎಂದು ಓದಿದ್ದಳು. ಸೂಜಿ ಮಾಡುತ್ತಿದ್ದ ಕೆಲಸವನ್ನು ಬಿಲ್ಲೆಯಲ್ಲಿ ಹುಡುಗಿಯರ ರಕ್ತ ಮಾಡಿತ್ತು, ಹೆಸರು ಜೋಗುಳಕ್ಕೆ ಬಂದಿತ್ತು. ಹೊರಗೆ, ಸೂಜಿ ಬಿಟ್ಟ ಗಂಡಸರ ಮೈಯಲ್ಲಿ, ಹಾರ್ಮೋನು ಹಬ್ಬದ ಊಟದಂತೆ ಬಡಿಸಿತ್ತು.

ಆದರೂ ಖಾತ್ರಿ ಮಾಡಿಕೊಳ್ಳದೆ ಹೇಳುವಂತಿಲ್ಲ. ಬಾಟಲಿಗಳ ತಳದಲ್ಲಿ ಉಳಿದಿದ್ದ ಹುಡುಗಿಯರ ಸೀರಂನಲ್ಲಿ ಔಷಧವಿಲ್ಲದೆ ಒಂದಷ್ಟು ಹೊಸ ಬಿಲ್ಲೆ, ಪೈಲ್ವಾನರ ಸೀರಂನಲ್ಲಿ ಔಷಧ ಸಮೇತ ಒಂದಷ್ಟು. ವಾರದೊಳಗೆ ಉತ್ತರ ಬಂತು. ಔಷಧವಿಲ್ಲದವು ಕಪ್ಪು, ಔಷಧವಿದ್ದವು ಹಸಿರು. ಇದನ್ನು ಮೊದಲೇ ಮಾಡಿದ್ದರೆ ಒಂದು ವಾರದ ಕೆಲಸ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ತ್ರಿಶಲಾ ಕೋಟೆಯ ಬಾಗಿಲಿಗೆ ಹಣೆ ಚಚ್ಚಿಕೊಂಡು ಅತ್ತಳು.

"ಸ್ವಲ್ಪ ತಡೀರಿ, ಮಂಡಳಿ ಕರದು ಸಾವಕಾಶ ಮಾತಾಡೂಣು," ಎಂದರು ಬೋಗಾರ ಸಾಹುಕಾರರು. ಅವರ ಮುಖ ಬಿಳಿಚಿತ್ತು. "ಹೊರಗ ಗೊತ್ತಾದ್ರ ಏನಾಗ್ತೈತಿ, ವಿಚಾರ ಮಾಡ್ರಿ."

"ಸಾಹುಕಾರ್ರ, ಒಳಗ ಗೊತ್ತಾಗೇತ್ರಿ, ಅವರ ಎಲುಬಿನ ಒಳಗ. ನಾನು ಇವತ್ತ ಹೇಳಾಕಿ," ಎಂದು ಎದ್ದು ಬಂದಳು.

ಮೊದಲು ಗರಡಿಗೆ ಹೋದಳು. ಸಾಮು ಮುಗಿಸಿ ಹುಡುಗರು ಬಾವಿಕಟ್ಟೆಯಲ್ಲಿ ಮೈ ತೊಳೆಯುತ್ತಿದ್ದರು. ಮಾವ ಒಬ್ಬನೇ ಮಣ್ಣನ್ನು ಹದ ಮಾಡುತ್ತಿದ್ದ. ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು. ಅವನು ಗುದ್ದಲಿ ಒರಗಿಸಿ ಕೇಳಿದ.

"ಹಂಗಾದ್ರ ನನ್ನ ಹುಡುಗೂರ ರಕ್ತ ಅದನ್ನ ಎಬ್ಬಿಸ್ತು ಅಂತೀ?"

"ಅದು ಮಲಗಿದ್ದೇ ಇಲ್ಲ ಮಾವಾ. ಅವರ ರಕ್ತ ಅದನ್ನ ತೋರಿಸ್ತು, ಅಷ್ಟ."

"ಮತ್ತ ಈ ಶಕ್ತಿ?" ಅವನು ಮಣ್ಣು ಮೆತ್ತಿದ ತನ್ನ ತೋಳನ್ನು ನೋಡಿಕೊಂಡ.

"ಔಷಧದ್ದಲ್ಲ. ಸೂಜಿ ಬಿಟ್ಟದ್ದಕ್ಕ ಬಂದದ್ದು. ನಿನ್ನ ಶಕ್ತಿನ ಅದರ ಊಟ."

ಬಾವಿಕಟ್ಟೆಯಲ್ಲಿ ಯಾರೋ ಯಾರಿಗೋ ನೀರೆರಚಿ ನಗುವುದು ಕೇಳಿಸುತ್ತಿತ್ತು. ಬಯ್ಯಲಿ, ಹೊಡೆಯಲಿ ಎಂದು ಅವಳು ಕಾಯುತ್ತಿದ್ದಳು.

"ಎಂಟು ತಿಂಗಳಿಂದ ಸೊಂಟ ನೋಯತೈತಿ ಅಂತ ಹೇಳಾಕತ್ತೀನಿ," ಎಂದ ಕೊನೆಗೆ. "ಪ್ರತೀ ಸಲ ನೀ ಬಿಲ್ಲೆ ಮಲಗೇತಿ ಅಂದಿ. ಡಾಕ್ಟರ್ ಅಂತಲ್ಲ, ಮನೀ ಮಗಳು ಅಂತಾದ್ರೂ ಒಂದ ಸಲ ಕೈ ಇಟ್ಟು ನೋಡಬೇಕಿತ್ತವಾ."

ತ್ರಿಶಲಾ ಆವತ್ತೇ ಸ್ಕ್ಯಾನ್ ಮಾಡಿಸಿದಳು. ಸೊಂಟದ ಎಲುಬು, ಬೆನ್ನಿನ ಮಣಿಗಳು, ಒಂದೆರಡು ಪಕ್ಕೆಲುಬು. ಗೆದ್ದಲು ಹಿಡಿದ ತೊಲೆಯ ಹಾಗೆ ಅಲ್ಲಲ್ಲಿ ಹರಡಿತ್ತು.

ಜೋಗುಳ ತಿನ್ನುತ್ತಿದ್ದ ಉಳಿದವರನ್ನೆಲ್ಲ ಆಸ್ಪತ್ರೆಯ ಸಭಾಭವನಕ್ಕೆ ಕರೆಸಿದರು. ತ್ರಿಶಲಾ ನಿಂತು ತನ್ನ ತಪ್ಪನ್ನು ಹೇಳಿದಳು. ಗುಳಿಗೆ ನಿಲ್ಲಿಸಿ, ಇವತ್ತಿನಿಂದಲೇ ಸೂಜಿ ಮತ್ತೆ ಶುರುವಾಗಬೇಕು ಎಂದಳು. ಗದ್ದಲವಾಗುತ್ತದೆ, ಮೇಲೆರಗುತ್ತಾರೆ ಎಂದುಕೊಂಡಿದ್ದಳು. ಆದದ್ದು ಅದಕ್ಕಿಂತ ಕೆಟ್ಟದ್ದು. ಅವರು ನಂಬಲಿಲ್ಲ.

ಮಡಿವಾಳಪ್ಪ ಎಂಬ ನಿವೃತ್ತ ಬಸ್ ಕಂಡಕ್ಟರು ಎದ್ದು ನಿಂತ. "ಡಾಕ್ಟರ್ ಬಾಯಾರ, ಸೂಜಿ ತಗೊಳ್ಳುವಾಗ ನಾ ಹೆಂಗಿದ್ದೆ ನಿಮಗ ಗೊತ್ತಿಲ್ಲ. ಮೊಮ್ಮಗನ್ನ ಎತ್ತಾಕ ಆಗ್ತಿದ್ದಿಲ್ಲ. ಹೆಂಡತಿ ಮುಂದ ಕೂತು ಹೆಂಗಸರಂಗ ಅಳತಿದ್ದೆ. ಈಗ ನೋಡ್ರಿ, ಹೆಂಗದೀನಿ! ನಿಮ್ಮ ಮಾತು ನಂಬಲೋ, ನನ್ನ ತೋಳು ನಂಬಲೋ?"

ಹೌದೌದು ಎಂದರು ಹತ್ತಾರು ಜನ. ದೊಡ್ಡ ಕಂಪನಿಯವರು ಡಾಕ್ಟರ್ ಬಾಯಾರನ್ನು ಕೊಂಡುಕೊಂಡಿರಬೇಕು, ಅಗ್ಗದ ಗುಳಿಗೆ ಅವರಿಗೆ ಆಗಿಬರುವುದಿಲ್ಲ ಎಂದು ಹಿಂದಿನಿಂದ ಯಾರೋ ಕೂಗಿದರು. ತ್ರಿಶಲಾ ಪರದೆಯ ಮೇಲೆ ಹಸಿರು ಬಿಲ್ಲೆಗಳನ್ನು ತೋರಿಸಿದಳು. ಇಷ್ಟು ದಿನ ಆ ಪರದೆಯನ್ನೇ ದೇವರೆಂದು ನಂಬಿದ್ದವರು, ಅದು ಬೇಡದ್ದನ್ನು ಹೇಳಿದ ಕೂಡಲೇ ನಾಸ್ತಿಕರಾದರು.

ಆಗ ಭರಮಪ್ಪ ಎದ್ದ. ಊರುಗೋಲಿಲ್ಲದೆ, ಸೊಂಟದ ನೋವಿಗೆ ಹಲ್ಲು ಕಚ್ಚಿ, ವೇದಿಕೆಗೆ ನಡೆದ. ಅವನನ್ನು ಗುರುತಿಸದವರು ಅಲ್ಲಿ ಯಾರೂ ಇರಲಿಲ್ಲ. ಅಂಗಿಯ ಗುಂಡಿ ಬಿಚ್ಚಿದ.

"ಈ ಮೈ ನನಗ ಎಷ್ಟು ಬೇಕು ಅನ್ನೂದು ನಿಮಗ ಹೇಳಬೇಕಾಗಿಲ್ಲ," ಎಂದ. "ಈಕಿ ನನ್ನ ಸೋದರ ಸೊಸಿ. ನನ್ನ ಮುಂದ ಸುಳ್ಳು ಹೇಳಂಗಿಲ್ಲ. ತಪ್ಪು ಮಾಡ್ಯಾಳ, ಸುಳ್ಳು ಹೇಳಿಲ್ಲ. ಚುಚ್ಚವಾ."

ಎಲ್ಲರ ಎದುರು ಅವನ ಹೊಟ್ಟೆಯ ಚರ್ಮ ಎತ್ತಿ ಹಿಡಿದು ತ್ರಿಶಲಾಳೇ ಸೂಜಿ ಹಾಕಿದಳು. ಸಭೆಯಲ್ಲಿ ಅರ್ಧದಷ್ಟು ಜನ ಒಬ್ಬೊಬ್ಬರಾಗಿ ಮುಂದೆ ಬಂದು ಸಾಲುಗಟ್ಟಿದರು. ಉಳಿದವರು ಬರಲಿಲ್ಲ. ಮಡಿವಾಳಪ್ಪ ಬಾಗಿಲಲ್ಲಿ ಒಮ್ಮೆ ಹಿಂತಿರುಗಿ ನೋಡಿ, ಎದೆ ಸೆಟೆಸಿ ನಡೆದುಬಿಟ್ಟ. ಬೇಸಿಗೆಗೆ ಮೊದಲೇ ಅವನ ಮನೆಯವರು ಸಾವಿನ ಸುದ್ದಿ ತಿಳಿಸಿದರು.

ಹೊತ್ತಿಗೆ ಸರಿಯಾಗಿ ಸೂಜಿಗೆ ಮರಳಿದವರಲ್ಲಿ ಕೆಲವರು ಉಳಿದರು. ಭರಮಪ್ಪನದು ಆ ಹೊತ್ತು ದಾಟಿತ್ತು. ಅಷ್ಟೂ ತಿಂಗಳು ಉಂಡು ಬೆಳೆದದ್ದು ಉಪವಾಸಕ್ಕೆ ಬಗ್ಗಲಿಲ್ಲ. ಹಸಿದೂ ಬದುಕುವುದನ್ನು ಅದು ಕಲಿತುಬಿಟ್ಟಿತ್ತು. ಶಕ್ತಿಯೂ ಹೋಯಿತು, ರೋಗವೂ ಉಳಿಯಿತು. ಬೆನ್ನಿನ ಒಂದು ಮಣಿ ಕುಸಿದ ಮೇಲೆ ಕಾಲು ಸ್ವಾಧೀನ ತಪ್ಪಿತು. ತ್ರಿಶಲಾ ಆಸ್ಪತ್ರೆಯ ಕೆಲಸ ಬಿಡಲಿಲ್ಲ. ಬಿಟ್ಟು ಓಡಿಹೋಗುವುದು ಸುಲಭವಿತ್ತು. ದಿನವೂ ಬೆಳಿಗ್ಗೆ ಮಾವನ ಮನೆಗೆ ಬಂದು ಅವನ ಮಗ್ಗುಲು ಬದಲಿಸಿ, ಬೆನ್ನು ಒರೆಸಿ, ಆಮೇಲೆ ಪ್ರಯೋಗಾಲಯಕ್ಕೆ ಹೋಗುತ್ತಿದ್ದಳು. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ.

ಮರುವರ್ಷ ದಶಲಕ್ಷಣ ಮುಗಿದು ಕ್ಷಮಾವಣಿ ಬಂತು. ಜೈನರ ಮನೆಗಳಲ್ಲಿ ಆವತ್ತು ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳುವ ದಿನ. ಕೇಳಿದವರಿಗೆ ಇಲ್ಲ ಎನ್ನುವ ಹಾಗಿಲ್ಲ. ಬೆಳಗಿನಿಂದ ವಸ್ತಾದರ ಮಂಚದ ಬಳಿ ಜನ ಬಂದುಹೋದರು. ಪೈಲ್ವಾನರು ಬಂದರು, ಬೋಗಾರ ಸಾಹುಕಾರರೂ ಬಂದು ಕಣ್ಣೀರಿಟ್ಟರು. ಎಲ್ಲರಿಗೂ ಮಾವ ಕ್ಷಮಾ, ಕ್ಷಮಾ ಎಂದ. ಎಲ್ಲರೂ ಹೋದ ಮೇಲೆ ತ್ರಿಶಲಾ ಮಂಚದ ಕೆಳಗೆ ಕೂತು ಕೈಮುಗಿದಳು. ಬಾಯಿ ತೆರೆಯುವ ಮೊದಲೇ ಅವನು ತಡೆದ.

"ಇವತ್ತ ಬ್ಯಾಡ. ಇವತ್ತ ಕೇಳಿದ್ರ ಕೊಡಲೇಬೇಕು. ಸಾಹುಕಾರಗೂ ಕೊಟ್ಟೀನಿ. ಅಂಥಾದ್ದು ನಿನಗ ಕೊಡೂದಿಲ್ಲ. ನಾಳೆ ಬಂದು ಕೇಳು."

ಮರುದಿನ ಬಂದು ಕೇಳಿದಳು. ಅವನು ಕಣ್ಣು ಮುಚ್ಚಿ, ಎಲ್ಲೋ ಒಳಗೆ ಕೈಹಾಕಿ ಹುಡುಕುವವನ ಹಾಗೆ ಬಹಳ ಹೊತ್ತು ಮಲಗಿದ್ದ. "ಇನ್ನೂ ಬರವಲ್ದವಾ," ಎಂದ. "ನಾಳೆ ಕೇಳು."

ಅದರಲ್ಲಿ ಹಟವಿರಲಿಲ್ಲ. ಇಲ್ಲದ್ದನ್ನು ಇದೆ ಎನ್ನುವ ಮನುಷ್ಯ ಅವನಲ್ಲ, ಅಷ್ಟೇ. ಅದು ಬರಲಿ ಎಂದು ಅವಳಷ್ಟೇ ಅವನೂ ಕಾಯುತ್ತಿದ್ದ. ದಿನಾ ಅವಳು ಕೇಳಿದಳು, ದಿನಾ ಅವನು ನಾಳೆ ಎಂದ. ಅಂಬಕ್ಕನಿಗೆ ತಡೆಯಲಾಗದೆ, "ಹೂಂ ಅಂದ್ಬಿಡ್ರಿ, ಕೂಸು ಸೊರಗೇತಿ," ಎಂದು ಗೋಗರೆದಳು. ಅವನು ತಲೆಯಾಡಿಸಿದ.

ದೀಪಾವಳಿ ಹತ್ತಿರವಿದ್ದಾಗ ಒಂದು ಬೆಳಿಗ್ಗೆ ತ್ರಿಶಲಾ ಬಂದರೆ ಅಂಬಕ್ಕ ಗಂಡನ ಗದ್ದಕ್ಕೆ ಬಿಳಿ ಬಟ್ಟೆ ಕಟ್ಟುತ್ತಿದ್ದಳು. ಪಕ್ಕದ ಮನೆಯವರು ಇನ್ನೂ ಬಂದಿರಲಿಲ್ಲ. ತ್ರಿಶಲಾ ಚಪ್ಪಲಿ ಬಿಟ್ಟು ಒಳಗೆ ಬಂದು, ಮಂಚದ ಪಕ್ಕದಲ್ಲಿ ಕೂತು, ಕೈಮುಗಿದು, ಆವತ್ತಿನ ಕ್ಷಮೆಯನ್ನೂ ಕೇಳಿದಳು.